ಬ್ರೂಕ್ಲಿನ್‌ನ ಡಾಡ್ಜರ್ಸ್ ಲಾಸ್ ಏಂಜಲೀಸ್‌ಗೆ ಹೋಗಿದ್ದು ಹೇಗೆ?

ಹಾಸನದ ಓದುಗರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಮಗಳ ಮನೆಗೆಂದು ಲಾಸ್ ಏಂಜಲೀಸ್‌ಗೆ ಹೋದಾಗ ಡಾಡ್ಜರ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ನೋಡಿದ್ದೀರಿ. ಈ ತಂಡ ಮೊದಲು ನ್ಯೂಯಾರ್ಕಿನ ಬ್ರೂಕ್ಲಿನ್‌ನದಾಗಿತ್ತು ಅಂತ ಪಕ್ಕದವರು ಹೇಳಿದರಂತೆ. "ಒಂದು ಊರಿನ ತಂಡವನ್ನು ಹಾಗೆ ಗಂಟುಮೂಟೆ ಕಟ್ಟಿ ಎತ್ತಿಕೊಂಡು ಹೋಗಬಹುದಾ? ಜನ ಸುಮ್ನೆ ಬಿಟ್ಟರಾ? ಆ ಹಳೇ ಮೈದಾನ ಈಗಲೂ ಇದೆಯಾ?" ಎಂದು ಕೇಳಿದ್ದೀರಿ.

ಹೋಗಬಹುದು. ಅಲ್ಲಿ ತಂಡ ಮಾಲೀಕರ ಸೊತ್ತು. ಲೀಗಿನ ಉಳಿದ ಮಾಲೀಕರು ಒಪ್ಪಿದರೆ ಆಯಿತು, ಊರಿನವರನ್ನು ಯಾರೂ ಕೇಳಬೇಕಿಲ್ಲ. ಆದರೆ ಬ್ರೂಕ್ಲಿನ್‌ನವರ ಸಂಕಟ ಅರ್ಥವಾಗಬೇಕಾದರೆ ಆ ಮೈದಾನ ಎಂಥದ್ದು ಅಂತ ತಿಳಿಯಬೇಕು.

ಚಾರ್ಲ್ಸ್ ಎಬೆಟ್ಸ್ 1883ರಲ್ಲಿ ತಂಡಕ್ಕೆ ಟಿಕೆಟ್ ಮಾರುವ ಕೆಲಸಕ್ಕೆ ಸೇರಿದವರು, ಬರುಬರುತ್ತಾ ಮಾಲೀಕರೇ ಆದರು. ಕಸ ಸುರಿಯುತ್ತಿದ್ದ ಒಂದು ಜಾಗದ ಮೇಲೆ ಅವರ ಕಣ್ಣು ಬಿತ್ತು. ಮೈದಾನಕ್ಕೆ ಅಂತ ಗೊತ್ತಾದರೆ ಬೆಲೆ ಏರಿಸುತ್ತಾರೆಂದು ಬೇರೆ ಹೆಸರಿನ ಕಂಪನಿಯಿಂದ ಚೂರುಚೂರಾಗಿ ಜಾಗ ಕೊಳ್ಳುತ್ತಾ ಹೋದರು. ಕಟ್ಟುವಷ್ಟರಲ್ಲಿ ದುಡ್ಡು ಸಾಲದೆ ತಂಡದ ಅರ್ಧ ಪಾಲನ್ನೇ ಮಾರಬೇಕಾಯಿತು. 1913ರಲ್ಲಿ ಎಬೆಟ್ಸ್ ಫೀಲ್ಡ್ ತೆರೆಯಿತು.

ಒಳಗೆ ಕಾಲಿಟ್ಟರೆ ಅಮೃತಶಿಲೆಯ ದುಂಡನೆಯ ಹಜಾರ. ನೆಲದಲ್ಲಿ ಬೇಸ್‌ಬಾಲ್ ಚೆಂಡಿನ ಹೊಲಿಗೆಯ ಚಿತ್ತಾರ, ಮೇಲೆ ತೂಗುದೀಪ; ಅದರ ಕೈಗಳು ಬ್ಯಾಟು, ಗೋಳಗಳು ಚೆಂಡು. ಮೈದಾನ ಸಣ್ಣದು, ಕೊನೆಗೂ ಸುಮಾರು 32 ಸಾವಿರ ಜನರಿಗಷ್ಟೇ ಜಾಗ, ಹಾಗಾಗಿ ಆಟಗಾರರು ಕೈಗೆ ಎಟುಕುವಷ್ಟು ಹತ್ತಿರ. ಬಲಗಡೆಯ ಬೇಲಿ ದಾಟಿದ ಚೆಂಡು ನೇರ ಬೆಡ್‌ಫರ್ಡ್ ಅವೆನ್ಯೂ ರಸ್ತೆಗೇ ಬೀಳುತ್ತಿತ್ತು. ಅದೇ ಕಡೆ ಸ್ಕೋರ್‌ಬೋರ್ಡಿನ ಬುಡದಲ್ಲಿ ಏಬ್ ಸ್ಟಾರ್ಕ್ ಅನ್ನುವ ಬಟ್ಟೆ ಅಂಗಡಿಯವರ ಉದ್ದನೆಯ ಬೋರ್ಡು: ಇದಕ್ಕೆ ಚೆಂಡು ಹೊಡೆದವರಿಗೆ ಒಂದು ಸೂಟು ಬಿಟ್ಟಿ! ಬೋರ್ಡು ಇದ್ದದ್ದು ತೀರಾ ಕೆಳಗೆ, ಅದರ ಮುಂದೆ ಫೀಲ್ಡರ್ ಬೇರೆ ನಿಂತಿರುತ್ತಿದ್ದರು, ಹಾಗಾಗಿ ಸೂಟು ಗೆದ್ದವರು ಕಡಿಮೆ. ಸ್ಟಾರ್ಕ್ ಮಾತ್ರ ಮುಂದೆ ಬ್ರೂಕ್ಲಿನ್‌ನ ಬರೋ (ನ್ಯೂಯಾರ್ಕ್ ನಗರದ ಆಡಳಿತ ವಿಭಾಗ) ಅಧ್ಯಕ್ಷರಾದರು.

1947ರ ಏಪ್ರಿಲ್ 15ರಂದು ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಡಾಡ್ಜರ್ಸ್ ಪರ ಇದೇ ಅಂಗಳಕ್ಕೆ ಇಳಿದರು. ಕಪ್ಪು ಆಟಗಾರರನ್ನು ಮೇಜರ್ ಲೀಗಿನಿಂದ, ಅಂದರೆ ಅಮೆರಿಕದ ಅತಿ ಮೇಲ್ಮಟ್ಟದ ಬೇಸ್‌ಬಾಲ್‌ನಿಂದ, ಆರು ದಶಕ ಹೊರಗಿಟ್ಟಿದ್ದ ಗೋಡೆ ಒಡೆದದ್ದು ಅವತ್ತು. ನನ್ನ ಮಟ್ಟಿಗೆ ಈ ಮೈದಾನದ ಅತಿ ದೊಡ್ಡ ದಿನ ಅದೇ, ಯಾವ ಟ್ರೋಫಿಯೂ ಅದಕ್ಕೆ ಸಮ ಅಲ್ಲ. ಟ್ರೋಫಿಗೂ ಜನ ಕಾದು ಕಾದು ಸುಸ್ತಾಗಿದ್ದರು ಬಿಡಿ. 1941, 47, 49, 52, 53, ಐದು ಸಲವೂ ಫೈನಲ್ ಸರಣಿಯಲ್ಲಿ ನ್ಯೂಯಾರ್ಕಿನದೇ ಇನ್ನೊಂದು ತಂಡ ಯಾಂಕೀಸ್ ಎದುರು ಸೋಲು! 1955ರಲ್ಲಿ ಕೊನೆಗೂ ಅದೇ ಯಾಂಕೀಸನ್ನು ಏಳನೇ ಪಂದ್ಯದಲ್ಲಿ 2-0ಯಿಂದ ಸೋಲಿಸಿದರು. ಬ್ರೂಕ್ಲಿನ್‌ಗೆ ದಕ್ಕಿದ್ದು ಅದೊಂದೇ.

ಎರಡೇ ವರ್ಷಕ್ಕೆ ತಂಡ ಲಾಸ್ ಏಂಜಲೀಸ್‌ಗೆ ಹೊರಟಿತು. ಜನ ಬರುತ್ತಿರಲಿಲ್ಲ ಅಂತಲ್ಲ, ಕೊನೆಯ ವರ್ಷವೂ 10 ಲಕ್ಷಕ್ಕಿಂತ ಜಾಸ್ತಿ ಬಂದಿದ್ದರು. ಮಾಲೀಕ ವಾಲ್ಟರ್ ಓಮ್ಯಾಲಿ ನೋಡುತ್ತಿದ್ದದ್ದು ಬೇರೆ ಕಡೆ. 1953ರಲ್ಲಿ ಬಾಸ್ಟನ್‌ನಿಂದ ಮಿಲ್ವಾಕಿಗೆ ಹೋದ ಬ್ರೇವ್ಸ್ ತಂಡಕ್ಕೆ ಅದರ ದುಪ್ಪಟ್ಟು ಜನ ಬರುತ್ತಿದ್ದರು. ಎಬೆಟ್ಸ್ ಫೀಲ್ಡ್ ಹಳೆಯದಾಗಿತ್ತು, ಅಭಿಮಾನಿಗಳು ಕಾರು ಕೊಂಡು ಹೊರವಲಯಕ್ಕೆ ಮನೆ ಬದಲಾಯಿಸುತ್ತಿದ್ದರು, ಇಲ್ಲಿ ನೋಡಿದರೆ ಸುಮಾರು 700 ಕಾರಿಗಷ್ಟೇ ಜಾಗ. ಅಟ್ಲಾಂಟಿಕ್ ಮತ್ತು ಫ್ಲಾಟ್‌ಬುಷ್ ರಸ್ತೆ ಕೂಡುವಲ್ಲಿ, ರೈಲು ನಿಲ್ದಾಣದ ಹತ್ತಿರ, ಸ್ವಂತ ಖರ್ಚಿನಲ್ಲಿ ಹೊಸದು ಕಟ್ಟುತ್ತೇನೆ, ಜಾಗ ಒದಗಿಸಿಕೊಡಿ ಎಂದು ಓಮ್ಯಾಲಿ ಕೇಳಿದರು. ನಗರದ ಜಮೀನು, ರಸ್ತೆಗಳೆಲ್ಲ ಯಾರ ಮುಷ್ಟಿಯಲ್ಲಿದ್ದವೋ ಆ ರಾಬರ್ಟ್ ಮೋಸೆಸ್, ಖಾಸಗಿ ಮೈದಾನ ಸಾರ್ವಜನಿಕ ಉದ್ದೇಶ ಅಲ್ಲ ಎಂದು ಒಪ್ಪಲಿಲ್ಲ. ಬೇಕಾದರೆ ಕ್ವೀನ್ಸ್‌ಗೆ ಹೋಗಿ ಎಂದರು.

ಬ್ರೂಕ್ಲಿನ್‌ನವರು ಇವತ್ತಿಗೂ ಬೈಯುವುದು ಓಮ್ಯಾಲಿಯನ್ನೇ. ಅದು ಪೂರ್ತಿ ನ್ಯಾಯ ಅಲ್ಲ ಅನ್ನಿಸುತ್ತದೆ. ಮಾಲೀಕ ಲಾಭ ನೋಡಿದರು, ಸರಿ. ಆದರೆ ಜನರಿಂದ ಆಯ್ಕೆಯಾಗದ ಒಬ್ಬ ಅಧಿಕಾರಿ ಇಡೀ ಊರಿನ ಪರವಾಗಿ ಆಗಲ್ಲ ಅಂದುಬಿಟ್ಟರಲ್ಲ, ಆ ತಪ್ಪೂ ಅಷ್ಟೇ ದೊಡ್ಡದು.

ಜನ ಸುಮ್ನೆ ಬಿಡಲಿಲ್ಲ, ಸಭೆ, ಸಹಿ ಸಂಗ್ರಹ ಎಲ್ಲ ಆಯಿತು. ಏನೂ ಫಲ ಸಿಗಲಿಲ್ಲ. 1957ರ ಸೆಪ್ಟೆಂಬರ್ 24ರ ಕೊನೆಯ ಪಂದ್ಯಕ್ಕೆ ಬಂದವರು 6,702 ಮಂದಿ ಮಾತ್ರ. 1960ರಲ್ಲಿ ಮೈದಾನ ಕೆಡವಿದರು. ಕೆಡವಲು ತಂದ ಕಬ್ಬಿಣದ ಗುಂಡಿಗೆ ಬೇಸ್‌ಬಾಲ್ ಥರಾ ಬಣ್ಣ ಬಳಿದಿದ್ದರು. ಇದು ಮಾತ್ರ ಅತಿಯಾಯಿತು, ಅಲ್ವಾ?

ನೀವು ಕೂತು ಪಂದ್ಯ ನೋಡಿದ ಜಾಗಕ್ಕೂ ನೋವಿನ ಕಥೆ ಇದೆ. ಅದು ಶಾವೆಜ್ ರವೀನ್, ಮೆಕ್ಸಿಕನ್ ಮೂಲದ ಕುಟುಂಬಗಳ ಮನೆಗಳಿದ್ದ ಗುಡ್ಡ. ಸರ್ಕಾರಿ ವಸತಿ ಯೋಜನೆಗೆಂದು ನಗರದವರು ಅವರನ್ನು ಎಬ್ಬಿಸಿದರು, ಆಮೇಲೆ ಯೋಜನೆಯನ್ನೇ ಕೈಬಿಟ್ಟು ಜಾಗವನ್ನು ಡಾಡ್ಜರ್ಸ್‌ಗೆ ಕೊಟ್ಟರು. ಉಳಿದಿದ್ದ ಕೊನೆಯವರನ್ನು 1959ರಲ್ಲಿ ಪೊಲೀಸರು ಹೊತ್ತುಕೊಂಡು ಹೊರಹಾಕಿದರು. ಸ್ಟೇಡಿಯಂ ಶುರುವಾದದ್ದು 1962ರಲ್ಲಿ.

ಮುಂದೆ ನ್ಯೂಯಾರ್ಕ್‌ಗೆ ಹೋದರೆ ಎಬೆಟ್ಸ್ ಫೀಲ್ಡ್ ಇದ್ದಲ್ಲಿ ಎತ್ತರದ ಅಪಾರ್ಟ್‌ಮೆಂಟ್‌ಗಳು ಕಾಣುತ್ತವೆ, ಗೋಡೆಯಲ್ಲಿ ಒಂದು ಗುರುತಿನ ಕಲ್ಲಿದೆ. ಹಳೇ ಹಜಾರ ಹೇಗಿತ್ತು ಅಂತ ಅಂದಾಜು ಸಿಗಬೇಕಾದರೆ ಕ್ವೀನ್ಸ್‌ನಲ್ಲಿರುವ ಮೆಟ್ಸ್ ತಂಡದ ಸಿಟಿ ಫೀಲ್ಡ್‌ಗೆ ಹೋಗಿ. ಅಲ್ಲಿನ ಪ್ರವೇಶ ಹಜಾರವನ್ನು ಎಬೆಟ್ಸ್ ಫೀಲ್ಡಿನ ಮಾದರಿಯಲ್ಲೇ ಕಟ್ಟಿ ರಾಬಿನ್ಸನ್ ಹೆಸರಿಟ್ಟಿದ್ದಾರೆ.

– ಸಂ.