ಪರಿವಿಡಿಯಲ್ಲಿ ಕನ್ನಡ ಕಾಣುತ್ತಿಲ್ಲ!

ಪ್ರಶ್ನೆ: ವರ್ಡ್‌ನಲ್ಲಿ 'ನುಡಿ 01 ಇ' ಫಾಂಟ್ ಬಳಸಿ ಪ್ರಬಂಧ ಟೈಪ್ ಮಾಡಿದ್ದೇನೆ. ಪರಿವಿಡಿಯಲ್ಲಿ ಮಾತ್ರ ಅಧ್ಯಾಯಗಳ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತವೆ. ಫಾಂಟ್ ಬದಲಿಸಿದರೂ ಅಪ್‌ಡೇಟ್ ಮಾಡಿದ ಕೂಡಲೇ ಮತ್ತೆ ಅದೇ ಗತಿ. ಏನು ಮಾಡಲಿ?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಈ ಹಳೆಯ ಫಾಂಟ್ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ) ಅಲ್ಲ. ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್. ಪರಿವಿಡಿಯಾದರೋ ಶೀರ್ಷಿಕೆಯ ಫಾಂಟನ್ನು ಬಿಟ್ಟು 'ಟಿಒಸಿ 1', 'ಟಿಒಸಿ 2' (ಟಿಒಸಿ ಎಂದರೆ ಟೇಬಲ್ ಆಫ್ ಕಂಟೆಂಟ್ಸ್, ಅಂದರೆ ಪರಿವಿಡಿ) ಎಂಬ ತನ್ನದೇ ಸ್ಟೈಲ್‌ಗಳನ್ನು, ಅಂದರೆ ಫಾಂಟ್ ಮುಂತಾದವುಗಳ ಸಿದ್ಧ ವಿನ್ಯಾಸಗಳನ್ನು, ಅನುಸರಿಸುತ್ತದೆ. ಹಾಗಾಗಿ ತಿದ್ದಬೇಕಾದದ್ದು ಆ ಸ್ಟೈಲ್‌ಗಳನ್ನು.

ರೆಫರೆನ್ಸಸ್ > ಟೇಬಲ್ ಆಫ್ ಕಂಟೆಂಟ್ಸ್ > ಕಸ್ಟಮ್ ಟೇಬಲ್ ಆಫ್ ಕಂಟೆಂಟ್ಸ್ ತೆರೆಯಿರಿ. ಫಾರ್ಮ್ಯಾಟ್ಸ್‌ನಲ್ಲಿ 'ಫ್ರಮ್ ಟೆಂಪ್ಲೇಟ್' ಇರಲೇಬೇಕು, ಇಲ್ಲದಿದ್ದರೆ ಮಾಡಿಫೈ ಗುಂಡಿ ಒತ್ತಲಾಗದು. ಮಾಡಿಫೈ ಒತ್ತಿ, 'ಟಿಒಸಿ 1' ಆರಿಸಿ, ಮತ್ತೆ ಮಾಡಿಫೈ ಒತ್ತಿ ನುಡಿ ಫಾಂಟ್ ಕೊಡಿ. 'ಟಿಒಸಿ 2' ಮೊದಲಾದ ಉಳಿದ ಸ್ಟೈಲ್‌ಗಳಿಗೂ ಹೀಗೆಯೇ. ಹಳೆಯ ಪರಿವಿಡಿಯನ್ನು ಬದಲಿಸಲೇ ಎಂದು ಕೇಳಿದರೆ 'ಯೆಸ್' ಎನ್ನಿ.

ಪುಟಸಂಖ್ಯೆಗಳು ಸಾಲಾಗಿ ನಿಲ್ಲದಿದ್ದರೆ ಅದೇ ಸ್ಟೈಲ್‌ನ ಮಾಡಿಫೈ ಕಿಟಕಿಯಲ್ಲಿ ಫಾರ್ಮ್ಯಾಟ್ > ಟ್ಯಾಬ್ಸ್‌ನಲ್ಲಿ ರೈಟ್ ಟ್ಯಾಬ್ (ಸಂಖ್ಯೆಗಳನ್ನು ಬಲಕ್ಕೆ ಸಾಲಾಗಿಸುವ ನಿಲುಗಡೆ) ಹಾಕಿ, ಚುಕ್ಕೆಗಳ ಲೀಡರ್ (ಹೆಸರಿನಿಂದ ಪುಟಸಂಖ್ಯೆವರೆಗಿನ ಚುಕ್ಕೆಸಾಲು) ಆರಿಸಿ. ಎ4 ಹಾಳೆಗೆ ಎಡ ಅಂಚು 3, ಬಲ ಅಂಚು 2 ಸೆಂ.ಮೀ. ಇದ್ದರೆ ಟ್ಯಾಬ್ 16 ಸೆಂ.ಮೀ.ನಲ್ಲಿರಲಿ. ಸ್ಪೇಸ್ ಒತ್ತಿ ಸರಿಪಡಿಸಲು ಹೋಗಬೇಡಿ, ಎಫ್9 ಒತ್ತಿ ಇಡೀ ಪರಿವಿಡಿಯನ್ನು ಅಪ್‌ಡೇಟ್ ಮಾಡಿದರೆ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ.