ಊರಿನ ಹೊರವಲಯದ ಬಡಾವಣೆಯಲ್ಲಿದ್ದೇವೆ, ಕುಡಿತ ಅಥವಾ ಡ್ರಗ್ಸ್ ಬಿಡಿಸುವ ಡಿಟಾಕ್ಸ್‌ಗೆ ಎಲ್ಲಿಂದ ಶುರು ಮಾಡಬೇಕು?

ಫ್ಯಾಮಿಲಿ ಡಾಕ್ಟರ್‌ರಿಂದ ಶುರು ಮಾಡಿ. ಹತ್ತಿರ ಡಿಟಾಕ್ಸ್ ಸೆಂಟರ್ ಇಲ್ಲದಿದ್ದರೂ ಮನೋವೈದ್ಯರಿರುವ ಜನರಲ್ ಆಸ್ಪತ್ರೆ ಸಾಕಾಗಬಹುದು. ಎಲ್ಲರೂ ಅಡ್ಮಿಟ್ ಆಗಬೇಕಿಲ್ಲ. ತೊಂದರೆ ಕಡಿಮೆ ಇದ್ದು, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ದಿನಾ ಹೋಗಿ ಬಂದು ಮಾತ್ರೆ ತಗೊಂಡೂ ಡಿಟಾಕ್ಸ್ ಮಾಡಿಸಬಹುದು.

ಆದರೆ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು 'ನಾಳೆಯಿಂದ ಬಂದ್' ಅಂತ ತಾವೇ ಒಮ್ಮೆಲೇ ನಿಲ್ಲಿಸಬಾರದು. ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ಕೈ ನಡುಗಿ ತುಳುಕುತ್ತೆ, ಒಂದು ಗುಟುಕು ಹಾಕಿದರೆ ನಡುಕ ನಿಲ್ಲುತ್ತೆ ಅಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಕೊನೆಯ ಕುಡಿತದ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನದಲ್ಲಿ ಗೊಂದಲ, ಇಲ್ಲದ್ದು ಕಾಣುವುದು, ಜ್ವರ ಶುರುವಾದರೆ ಜೀವಕ್ಕೇ ಅಪಾಯ. ಆಗ ಡಿಟಾಕ್ಸ್ ಸೆಂಟರ್ ಹುಡುಕುತ್ತಾ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ನಿದ್ದೆ ಮಾತ್ರೆಯ ಚಟಕ್ಕೂ ಇದೇ ಎಚ್ಚರ ಬೇಕು.

ಆಸ್ಪತ್ರೆಗೋ ಸೆಂಟರ್‌ಗೋ ಫೋನ್ ಮಾಡುವಾಗ ಏನು, ಎಷ್ಟು, ಕೊನೆಗೆ ಯಾವಾಗ ತಗೊಂಡಿದ್ದು, ಹಿಂದೆ ಫಿಟ್ಸ್ ಬಂದಿತ್ತಾ ಅನ್ನುವುದನ್ನು ಮುಚ್ಚಿಡದೆ ಹೇಳಿ. ರಾತ್ರಿ ಡಾಕ್ಟರ್, ನರ್ಸ್ ಇರುತ್ತಾರಾ ಅಂತ ನೀವೂ ಕೇಳಿ. 'ಗ್ಯಾರಂಟಿ ಬಿಡಿಸುತ್ತೇವೆ' ಅನ್ನುವ ಜಾಹೀರಾತು ಕಂಡರೆ ನನಗಂತೂ ಅನುಮಾನವೇ.

ಬೆಡ್ ಖಾಲಿ ಇಲ್ಲ ಅಂದರೆ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಹಾಕಿಸಿ, ಆಗಾಗ ವಿಚಾರಿಸಿ. ಅಲ್ಲಿಯವರೆಗೂ ಡಾಕ್ಟರ್ ಸಂಪರ್ಕ ಬಿಡಬೇಡಿ.

ಡಿಟಾಕ್ಸ್ ಕೆಲವು ದಿನದ ಕೆಲಸ ಅಷ್ಟೇ. ಮುಂದಿನ ಕೌನ್ಸೆಲಿಂಗ್, ಔಷಧಿ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಹೆರಾಯಿನ್ ತರಹದ್ದು ಬಿಟ್ಟವರಿಗೆ ಇದು ಇನ್ನೂ ಮುಖ್ಯ. ದೇಹದ ತಾಳಿಕೆ ಇಳಿದಿರುತ್ತೆ, ಮತ್ತೆ ಹಳೇ ಡೋಸ್ ತಗೊಂಡರೆ ಉಸಿರೇ ನಿಲ್ಲಬಹುದು.