ಮೀನಿನ ಹುರುಪೆಯಿಂದ ಕ್ರೀಮಿಗೆ ಕೊಲ್ಯಾಜನ್: ಹಾವೇರಿಯ ಸೆಕೆಗೆ ಹೊಂದುವ ದಾರಿ

ಪ್ರಶ್ನೆ: ನಮ್ಮದು ಹಾವೇರಿ ಹತ್ತಿರದ ಮಹಿಳಾ ಸ್ವಸಹಾಯ ಸಂಘ. ಇಲ್ಲಿನ ಮೀನಂಗಡಿಗಳಲ್ಲಿ ಕಾಟ್ಲಾ, ರೋಹು ಹುರುಪೆ ದಿನಾ ಬುಟ್ಟಿಗಟ್ಟಲೆ ತಿಪ್ಪೆಗೆ ಹೋಗುತ್ತದೆ. ಅದರಿಂದ ಮುಖದ ಕ್ರೀಮಿಗೆ ಹಾಕುವ ಕೊಲ್ಯಾಜನ್ ಎಂಬ ಪ್ರೊಟೀನು ತೆಗೆಯಲು ವಿನೆಗರ್‌ನಲ್ಲಿ ನೆನೆಸಿಟ್ಟೆವು. ನಾಲ್ಕನೇ ದಿನಕ್ಕೆ ನಾತ ಹೊಡೆಯಿತು. ತಪ್ಪಿದ್ದೆಲ್ಲಿ?

ಉತ್ತರ: ವಿನೆಗರ್ ಆರಿಸಿದ್ದು ತಪ್ಪಲ್ಲ. ಪ್ರಯೋಗಾಲಯದಲ್ಲೂ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ಬಳಸುತ್ತಾರೆ, ಆದರೆ 4 ಡಿಗ್ರಿ ಚಳಿಯಲ್ಲಿ. ನಿಮ್ಮಲ್ಲಿ ಎರಡು ಸಂಗತಿ ಕೈಕೊಟ್ಟಿವೆ. ಹುರುಪೆಯಲ್ಲಿ ಸುಮಾರು ಅರ್ಧದಷ್ಟಿರುವ ಕ್ಯಾಲ್ಸಿಯಂ ಫಾಸ್ಫೇಟ್ ಆಮ್ಲವನ್ನು ತಿಂದುಹಾಕಿತು. ಹುಳಿ ಇಳಿದ ಮೇಲೆ ಸೆಕೆಯಲ್ಲಿ ಬ್ಯಾಕ್ಟೀರಿಯಾ ಬೆಳೆದವು. ಅಲ್ಲದೆ ರೋಹುವಿನಂಥ ಮೀನಿನ ಕೊಲ್ಯಾಜನ್ ದ್ರಾವಣದಲ್ಲಿ 35 ಡಿಗ್ರಿ ಆಸುಪಾಸಿನಲ್ಲೇ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ಆದ್ದರಿಂದ ಶೀತಲಕೋಣೆ ಇಲ್ಲದವರು ಕೊಲ್ಯಾಜನ್ ಬೆನ್ನು ಹತ್ತಬೇಡಿ. ಜೆಲಟಿನ್ ತೆಗೆದು, ಅದನ್ನು ಪೆಪ್ಟೈಡ್‌ಗಳಾಗಿ, ಅಂದರೆ ಪ್ರೊಟೀನಿನ ಸಣ್ಣ ತುಣುಕುಗಳಾಗಿ, ಒಡೆಯಿರಿ. ಕ್ರೀಮಿಗೆ ಅದೇ ಹೆಚ್ಚು ಸಲೀಸು, ನೀರಿನಲ್ಲಿ ಸುಲಭವಾಗಿ ಕರಗುತ್ತದೆ.

ಹುರುಪೆಯನ್ನು ಕರುಳಿನ ಜೊತೆ ಒಂದೇ ಬುಟ್ಟಿಗೆ ಹಾಕದಂತೆ ಅಂಗಡಿಯವರಿಗೆ ಮೊದಲೇ ಹೇಳಿ. ಕರುಳಿನ ಕಿಣ್ವ ತಾಗಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ತಂದ ಕೂಡಲೇ ಶೇ. 10ರ ಉಪ್ಪು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಕೂಡಿಡಬಹುದು.

1 ಕಿಲೊ ಒಣ ಹುರುಪೆಗೆ 10 ಲೀಟರ್ ನೀರು, ಲೀಟರಿಗೆ 4 ಗ್ರಾಂ ಕಾಸ್ಟಿಕ್ ಸೋಡಾ. ನಡುವೆ ಒಮ್ಮೆ ದ್ರಾವಣ ಬದಲಿಸಿ ರಾತ್ರಿಯಿಡೀ ನೆನೆಸಿ, ಹುಳಿ-ಕ್ಷಾರ ಅಳೆಯುವ ಪಿಎಚ್ ಕಾಗದ 7 ತೋರುವವರೆಗೆ ತೊಳೆಯಿರಿ. ಬೇರೆ ಪ್ರೊಟೀನು, ಲೋಳೆ, ನಾತ ಹೋಗುವುದು ಇಲ್ಲೇ. ಈ ಹಂತದಲ್ಲಿ ಅವಸರ ಮಾಡಿದವರ ಕ್ರೀಮು ತಿಂಗಳಲ್ಲಿ ಮೀನು ವಾಸನೆ ಹೊಡೆಯುತ್ತದೆ.

ಮುಂದಿನದು ಖನಿಜ ತೆಗೆಯುವ ಕೆಲಸ. 10 ಲೀಟರ್ ನೀರಿಗೆ ಶೇ. 35ರ ಹೈಡ್ರೋಕ್ಲೋರಿಕ್ ಆಮ್ಲ 180 ಮಿ.ಲೀ. ಆಮ್ಲವನ್ನು ನೀರಿಗೆ ಸುರಿಯಿರಿ, ನೀರನ್ನು ಆಮ್ಲಕ್ಕಲ್ಲ; ಕೈಗವಸು, ಕನ್ನಡಕ ಇರಲೇಬೇಕು. ಇಷ್ಟು ಆಮ್ಲ ಒಂದೇ ಸಲಕ್ಕೆ ಸಾಲದು, ಎರಡೆರಡು ಗಂಟೆಗೆ ಹೊಸದು ಹಾಕಿ ಹಲವು ಸಲ ಮಾಡಬೇಕು. ಹುರುಪೆ ಗಾಜಿನಂತೆ ಪಾರದರ್ಶಕವಾಗಿ, ಮಡಚಿದರೆ ಚಟ್ ಎನ್ನದೆ ಬಾಗಿದರೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಆಮ್ಲ ಜೆಲಟಿನ್ನನ್ನೇ ಸವೆಸುತ್ತದೆ. ಬಚ್ಚಲು ತೊಳೆಯುವ ಹಳದಿ ಆ್ಯಸಿಡ್ ಮಾತ್ರ ಬೇಡ, ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಕೊಳವೆಬಾವಿಯ ಗಡಸು ನೀರು ತೆಗೆದ ಕ್ಯಾಲ್ಸಿಯಂ ಅನ್ನು ಮತ್ತೆ ಸೇರಿಸುತ್ತದೆ, ಆದ್ದರಿಂದ ಕೊನೆಯ ತೊಳೆತಕ್ಕೂ ಮುಂದೆ ಬಿಸಿಯಲ್ಲಿ ಇಡುವುದಕ್ಕೂ ಆರ್‌ಓ ನೀರೇ ಆಗಬೇಕು. ಉಳಿದ ಆಮ್ಲವನ್ನು ಚರಂಡಿಗೆ ಚೆಲ್ಲದೆ ಸುಣ್ಣ ಬೆರೆಸಿ. ತಳದಲ್ಲಿ ಕೂರುವ ಬಿಳಿ ಕ್ಯಾಲ್ಸಿಯಂ ಫಾಸ್ಫೇಟನ್ನು ತೊಳೆದು ಗೊಬ್ಬರಕ್ಕೆ ಬಳಸಬಹುದು. ಮೇಲಿನ ಉಪ್ಪು ನೀರು ಹೊಲಕ್ಕೆ ಬೇಡ.

ಆಮ್ಲ ತೊಳೆದ ಹುರುಪೆಗೆ ಮುಳುಗುವಷ್ಟು ನೀರು ಹಾಕಿ 60ರಿಂದ 65 ಡಿಗ್ರಿಯಲ್ಲಿ ಐದು ಗಂಟೆ ಇಡಿ. ಕುದಿಸಿದರೆ ಬಣ್ಣ ಕಂದಾಗುತ್ತದೆ. ಮಸ್ಲಿನ್ ಬಟ್ಟೆಯಲ್ಲಿ ಸೋಸಿ. 1 ಕಿಲೊದಿಂದ 100–150 ಗ್ರಾಂ ಜೆಲಟಿನ್ ಬಂದರೆ ಒಳ್ಳೆಯ ಇಳುವರಿ. ಅದನ್ನು ಒಡೆಯಲು ಅದರ ತೂಕದ ಶೇ. 1ರಷ್ಟು ಪಪೈನ್ (ಪಪ್ಪಾಯಿಯ ಕಿಣ್ವ) ಹಾಕಿ, ಪಿಎಚ್ 6.5–7ರಲ್ಲಿ 55 ಡಿಗ್ರಿಗೆ ಮೂರು ನಾಲ್ಕು ಗಂಟೆ. ಬಳಿಕ 90 ಡಿಗ್ರಿಗೆ ಏರಿಸಿ ಹತ್ತು ನಿಮಿಷ. ಜೀವಂತ ಪಪೈನ್ ಉಳಿದರೆ ಚರ್ಮ ಉರಿಯುತ್ತದೆ. ತಣಿಸಿದ ಮೇಲೆ ಗಟ್ಟಿಯಾಗದಿದ್ದರೆ ಜೆಲಟಿನ್ ಒಡೆದಿದೆ ಎಂದರ್ಥ.

ಕ್ರೀಮಿಗೆ ಈ ಪೆಪ್ಟೈಡ್ ಶೇ. 1–2 ಸಾಕು, ಕ್ರೀಮಿನ ಬಿಸಿ 40 ಡಿಗ್ರಿಗೆ ಇಳಿದ ಮೇಲೆ ಬೆರೆಸಿ. ಇದು ಬ್ಯಾಕ್ಟೀರಿಯಾಗೂ ಒಳ್ಳೆಯ ಊಟ, ಹಾಗಾಗಿ ಫಿನಾಕ್ಸಿಎಥನಾಲ್‌ನಂಥ ಸಂರಕ್ಷಕ (ಗರಿಷ್ಠ ಶೇ. 1) ಬಿಡುವಂತಿಲ್ಲ. ಇದು ಚರ್ಮದ ಮೇಲೆ ತೇವ ಹಿಡಿದಿಡುತ್ತದೆ, ಅಷ್ಟೇ. ಸುಕ್ಕು ಹೋಗುತ್ತದೆಂದು ಡಬ್ಬಿಯ ಮೇಲೆ ಬರೆಯಬೇಡಿ. ಮೀನಿನದೆಂದು ಮಾತ್ರ ಬರೆಯಲೇಬೇಕು, ಮೀನಿನ ಅಲರ್ಜಿ ಇರುವವರಿದ್ದಾರೆ. ಕ್ರೀಮು ತಯಾರಿಸಿ ಮಾರಲು 2020ರ ಸೌಂದರ್ಯವರ್ಧಕ ನಿಯಮಗಳಡಿ ಪರವಾನಗಿ ಬೇಕು, ಮನೆಯಲ್ಲಿ ಮಾಡಿದ್ದೆಂಬ ವಿನಾಯಿತಿ ಇಲ್ಲ. ಸಂಘ ಸಣ್ಣದಿದ್ದರೆ ಹುರುಪೆ ತೊಳೆದು ಒಣಗಿಸಿ ತಯಾರಕರಿಗೆ ಮಾರುವುದರಿಂದಲೇ ಆರಂಭಿಸಿ.